ಗಾಲಿಯ ಮೇಲೊಂದು ಬೇಟೆಗೂಡು

ನಾಲ್ಕಡಿ ಅಗಲ, ಎಂಟಡಿ ಉದ್ದದ ಪುಟ್ಟ ಟ್ರೇಲರ್. ಅದರ ಮೇಲೆ ಪ್ಲೈವುಡ್ಡಿನ ಒಂದು ಕೋಣೆ. ನವೆಂಬರ್ ಬಂತೆಂದರೆ ಅಮೆರಿಕದ ಜಿಂಕೆ ಬೇಟೆಗಾರರು ಹೊಲಕ್ಕೆ ಎಳೆದೊಯ್ಯುವ ಗೂಡು ಇದು. ಕಟ್ಟಲು ಕೂತವರಲ್ಲಿ ಅನೇಕರು ಮನೆ ಕಟ್ಟುತ್ತಾರೆ. ಕಟ್ಟಬೇಕಾದದ್ದು ಗಾಡಿ!

ನವೆಂಬರಿನ ಒಂದು ಶನಿವಾರ, ಬೆಳಗಿನ ಜಾವ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇನ್ನು ಐದೇ ದಿನ. ವಿಸ್ಕಾನ್ಸಿನ್ ರಾಜ್ಯದ ಕೊಯ್ಲಾದ ಮೆಕ್ಕೆಜೋಳದ ಹೊಲದಲ್ಲಿ ಕೂಳೆಗಳ ಮೇಲೆ ಬಿದ್ದ ಇಬ್ಬನಿ ರಾತ್ರಿಯೇ ಹೆಪ್ಪುಗಟ್ಟಿದೆ. ಓಕ್ ಮರಗಳ ಸಾಲಿಗೆ ಬೆನ್ನು ಕೊಟ್ಟು ಕಂದುಬಣ್ಣದ ಪೆಟ್ಟಿಗೆಯೊಂದು ನಿಂತಿದೆ. ಅದಕ್ಕೆ ಎರಡು ಗಾಲಿ, ನಾಲ್ಕು ಮಗ್ಗುಲಿಗೂ ಕಾಣುವಂತೆ ಹೊಡೆದ ಕಿತ್ತಳೆ ಬಟ್ಟೆ. ಒಳಗೆ ಕಾರ್ಪೆಟ್ಟು, ತಿರುಗುಕುರ್ಚಿ, ಸಣ್ಣ ಗ್ಯಾಸ್ ಹೀಟರ್, ಫ್ಲಾಸ್ಕಿನಲ್ಲಿ ಕಾಫಿ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಬೇಟೆಯ ಹೊತ್ತು ಶುರುವಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಹೆಣ್ಣು ಜಿಂಕೆಯೊಂದು ಕಾಡಿನಿಂದ ಹೊರಬರುತ್ತದೆ, ಹತ್ತು ಹೆಜ್ಜೆ ನಡೆಯುತ್ತದೆ, ನಿಲ್ಲುತ್ತದೆ, ಮೂಗು ಮೇಲೆತ್ತುತ್ತದೆ. ಮರುಕ್ಷಣ ಬಿಳಿ ಬಾಲ ನಿಮಿರಿ ಮರಗಳ ನಡುವೆ ಮಾಯ. ರಾತ್ರಿ ಗಾಳಿ ದಿಕ್ಕು ಬದಲಿಸಿತ್ತು. ಗೂಡನ್ನು ಹೊಲದ ಆಚೆ ಬದಿಗೆ ಒಯ್ದಿದ್ದರೆ ಸಾಕಿತ್ತು, ಗಾಲಿ ಇದ್ದದ್ದೇ ಅದಕ್ಕೆ. ಆದರೆ ಗೂಡು ಕದಲುವ ಸ್ಥಿತಿಯಲ್ಲಿರಲಿಲ್ಲ. ಐನೂರು ಕಿಲೋ ಮೀರಿದ ಭಾರಕ್ಕೆ ಪುಟ್ಟ ಗಾಲಿಗಳು ಕೆಸರಿನಲ್ಲಿ ಅಚ್ಚಿನವರೆಗೆ ಹೂತಿದ್ದವು. ಆ ಕೆಸರು ಈಗ ಕಲ್ಲಾಗಿತ್ತು.

ವಿಸ್ಕಾನ್ಸಿನ್ನಿನ ಬಂದೂಕು ಬೇಟೆಯ ಋತು ಒಂಬತ್ತೇ ದಿನ. ಅಷ್ಟರಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಪರವಾನಗಿ ಪಡೆದು ಕಾಡುಹೊಲಗಳಿಗೆ ಇಳಿಯುತ್ತಾರೆ. ಮಿಷಿಗನ್ನಿನಲ್ಲಿ ನವೆಂಬರ್ 15ರಿಂದ 30ರವರೆಗೆ, ಟೆಕ್ಸಸ್ಸಿನಲ್ಲಿ ನವೆಂಬರಿನ ಮೊದಲ ಶನಿವಾರದಿಂದ, ಹೀಗೆ ರಾಜ್ಯಕ್ಕೊಂದು ಲೆಕ್ಕ. ಇವರಲ್ಲಿ ಮರದ ಮೇಲೆ ಕೂರುವವರಿದ್ದಾರೆ, ಬಟ್ಟೆಯ ಗುಡಾರದಲ್ಲಿ ಅಡಗುವವರಿದ್ದಾರೆ, ಎತ್ತರದ ಅಟ್ಟಣಿಗೆ ಕಟ್ಟಿಕೊಂಡವರೂ ಇದ್ದಾರೆ. ಇವೆಲ್ಲದರ ನಡುವೆ ರೈತಾಪಿ ಬೇಟೆಗಾರರ ಕೊಟ್ಟಿಗೆಗಳಲ್ಲಿ ಹುಟ್ಟಿಕೊಂಡ ಜಾತಿಯೇ ಗಾಲಿಗೂಡು. ಸೌದೆ ಸಾಗಿಸುವ ಅಗ್ಗದ ಟ್ರೇಲರಿಗೆ ಗೋಡೆ, ಸೂರು, ಕಿಟಕಿ ಕೂಡಿಸಿದರೆ ಆಯಿತು. ಕಟ್ಟುವುದು ಸುಲಭ ಅನ್ನಿಸುವುದರಿಂದಲೇ ಅದು ಕೆಡುತ್ತದೆ. ಮರಗೆಲಸ ಬಲ್ಲವರ ಕೈಗೆ ಪ್ಲೈವುಡ್ ಸಿಕ್ಕರೆ ಒಳಗೊಂದು ಶೆಲ್ಫು, ಹೊರಗೊಂದು ಮೆಟ್ಟಿಲು, ಮೇಲೆ ಶಿಂಗಲ್ ಹಾಸಿದ ಸೂರು ಎಂದು ಕೆಲಸ ಬೆಳೆಯುತ್ತಲೇ ಹೋಗುತ್ತದೆ. ಕೊನೆಗೆ ಸಿಗುವುದು ಗಾಲಿಯುಳ್ಳ, ಆದರೆ ಉರುಳಲಾರದ ಒಂದು ಗುಡಿಸಲು. ಈ ಗೂಡಿನ ಗುಣ ನಿರ್ಧಾರವಾಗುವುದು ಅಡಗುವ ಭಾಗದಲ್ಲಲ್ಲ, ಕೆಳಗಿನ ಗಾಡಿಯಲ್ಲಿ. ತೂಕ, ನಿಲುಗಡೆ, ಕಾನೂನು, ಕಡೆಗೆ ಜಿಂಕೆಯ ನಂಬಿಕೆ, ಎಲ್ಲವೂ ಗಾಡಿಯ ಲೆಕ್ಕಕ್ಕೇ ಬಂದು ಸೇರುತ್ತವೆ.

ಪ್ರಾಣಿ ಗಾಡಿಯನ್ನು ಕ್ಷಮಿಸುತ್ತದೆ

ನಂಬಿಕೆಯಿಂದಲೇ ಶುರು ಮಾಡೋಣ, ಅದರ ಇತಿಹಾಸ ಹಳೆಯದು. ದಖ್ಖನಿನ ಬಯಲುಗಳಲ್ಲಿ ಕೃಷ್ಣಮೃಗದ ಬೇಟೆಗೆ ಅಡ್ಡಿಯಿಲ್ಲದಿದ್ದ ಕಾಲದಲ್ಲಿ ಶಿಕಾರಿಗಳು ನಡೆದುಹೋಗುತ್ತಿರಲಿಲ್ಲ, ಎತ್ತಿನ ಗಾಡಿಯ ಮರೆಯಲ್ಲಿ ಹೋಗುತ್ತಿದ್ದರು. ಒಂಟಿ ಮನುಷ್ಯನನ್ನು ದೂರದಲ್ಲಿ ಕಂಡರೂ ಚಿಮ್ಮಿ ಓಡುವ ಹಿಂಡು, ದಿನವೂ ಕಾಣುವ ಗಾಡಿ ಪಕ್ಕದಲ್ಲೇ ಸುತ್ತುಹಾಕುತ್ತ ಹತ್ತಿರವಾದರೂ ಮೇಯುವುದನ್ನು ಬಿಡುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಇದೇ ಕೆಲಸಕ್ಕೆ ಪಳಗಿದ ಕುದುರೆಯನ್ನು ಮುಂದಿಟ್ಟುಕೊಂಡು ನಡೆಯುತ್ತಿದ್ದರು. ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಎಂಬ ಸೋದರರು ಹಕ್ಕಿಗಳ ಚಿತ್ರ ತೆಗೆಯಲು 1900ರಲ್ಲಿ ಎತ್ತಿನ ಚರ್ಮವನ್ನು ಟೊಳ್ಳು ಚೌಕಟ್ಟಿಗೆ ಹೊದಿಸಿ, ಹೊಟ್ಟೆಯೊಳಗೆ ಕ್ಯಾಮೆರಾ ಹಿಡಿದು ನಿಂತರು. ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿ ಜೀಪಿನ ಪಕ್ಕದಲ್ಲೇ ಹುಲಿ ಹಾದುಹೋಗುವುದೂ ಈ ಸಾಲಿಗೇ ಸೇರಿದ್ದು. ಪ್ರಾಣಿ ಹೆದರುವುದು ಮನುಷ್ಯನ ಆಕಾರಕ್ಕೆ, ನಡಿಗೆಗೆ, ವಾಸನೆಗೆ. ದಿನವೂ ಕಂಡು ಕೇಡಾಗದ ಆಕಾರವನ್ನು ಅದು ಲೆಕ್ಕದಿಂದ ಬಿಟ್ಟುಬಿಡುತ್ತದೆ.

ಅಮೆರಿಕದ ಬಿಳಿಬಾಲದ ಜಿಂಕೆ ಬಹುಮಟ್ಟಿಗೆ ಹೊಲದಂಚಿನ ಪ್ರಾಣಿ. ಹುಲ್ಲಿನ ಬಂಡಿ, ಟ್ರ್ಯಾಕ್ಟರು, ಮೂಲೆಯಲ್ಲಿ ಬಿಟ್ಟ ಹಳೆಯ ಉಪಕರಣಗಳ ನಡುವೆಯೇ ಅದು ಬೆಳೆದಿರುತ್ತದೆ. ಹಾಗಾಗಿ ಗಾಲಿಗೂಡಿಗೆ ಎಲೆ, ಕೊಂಬೆ, ತೊಗಟೆಯ ಚಿತ್ತಾರ ಬಳಿದು ಕಾಡಾಗಿಸಲು ಹೆಣಗುವುದು ನನ್ನ ಮಟ್ಟಿಗೆ ತಪ್ಪು ದಿಕ್ಕಿನ ಶ್ರಮ. ಕಾಡಿನಂತೆ ಕಾಣುವ ಪೆಟ್ಟಿಗೆ ಯಾವ ಕಾಡಿನಲ್ಲೂ ಇಲ್ಲ, ಹಳೇ ಬಂಡಿಯಂತೆ ಕಾಣುವ ಪೆಟ್ಟಿಗೆ ಹೊಲಹೊಲದಲ್ಲೂ ಇದೆ. ಮಂಕು ಕಂದು, ಮಂಕು ಹಸಿರು, ಹೊಳಪಿಲ್ಲದ ಬಣ್ಣ ಸಾಕು. ಮುಚ್ಚಬೇಕಾದದ್ದು ಒಳಗಿನ ಚಲನೆ. ಒಳಗೋಡೆಗೆ ಕಪ್ಪು ಬಳಿಯಬೇಕು, ಎದುರುಬದುರು ಕಿಟಕಿಗಳನ್ನು ಒಟ್ಟಿಗೇ ತೆರೆಯಬಾರದು. ಹಿಂದಿನ ಕಿಟಕಿಯ ಬೆಳಕಿಗೆ ತಲೆ ಅಡ್ಡ ಬಂದರೆ ಎಷ್ಟು ಒಳ್ಳೆಯ ಗೋಡೆಯೂ ಕೆಲಸಕ್ಕೆ ಬಾರದು.

[ ಚೌಕಟ್ಟು ] ಕಿತ್ತಳೆ ಬಟ್ಟೆ ಜಿಂಕೆಗೆ ಕಾಣದೇ?
*ಕಾಣುತ್ತದೆ, ಆದರೆ ಕಿತ್ತಳೆಯಾಗಿ ಅಲ್ಲ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ, ಜಿಂಕೆಯದರಲ್ಲಿ ಎರಡೇ. ಕೆಂಪು-ಕಿತ್ತಳೆಗಳು ಅದಕ್ಕೆ ಮಂಕು ಛಾಯೆಗಳಷ್ಟೆ. ನೀಲಿಗೆ ಮಾತ್ರ ಅದರ ಕಣ್ಣು ಚುರುಕು, ಹಾಗಾಗಿ ನೀಲಿ ಜೀನ್ಸ್ ಕಿತ್ತಳೆ ಜಾಕೆಟ್ಟಿಗಿಂತ ಅಪಾಯಕಾರಿ. ವಿಸ್ಕಾನ್ಸಿನ್ನಿನ ಸರ್ಕಾರಿ ಬೇಟೆ ಜಮೀನಿನಲ್ಲಿ ಬಂದೂಕು ಋತುವಿನ ನೆಲಗೂಡುಗಳ ಮೇಲೆ ಎಲ್ಲ ದಿಕ್ಕಿಗೂ ಕಾಣುವಂತೆ 144 ಚದರ ಅಂಗುಲ ಕಿತ್ತಳೆ ಅಥವಾ ಗುಲಾಬಿ ಬಟ್ಟೆ ಕಡ್ಡಾಯ. ಅದು ಇತರ ಬೇಟೆಗಾರರ ಕಣ್ಣಿಗೆ.*

ತೂಕದ ತಕ್ಕಡಿ

ಇನ್ನು ಗಾಡಿ. 4×8 ಅಡಿಯ ಟ್ರೇಲರನ್ನೇ ಹೆಚ್ಚಾಗಿ ಆರಿಸುವುದಕ್ಕೆ ಕಾರಣ ಸರಳ. ಅಮೆರಿಕದಲ್ಲಿ ಪ್ಲೈವುಡ್ ಹಲಗೆಯ ಅಳತೆಯೂ ಅದೇ. ಒಂದು ಹಲಗೆ ಕೊಯ್ಯದೆ ಹಾಸಿದರೆ ನೆಲ ಮುಗಿಯಿತು. ಇಂಥ ಟ್ರೇಲರಿನ ಸ್ವಂತ ತೂಕ ಸುಮಾರು 120ರಿಂದ 200 ಕಿಲೋ, ಹೊರುವ ಶಕ್ತಿ ಐನೂರು ಕಿಲೋದ ಆಸುಪಾಸಿನಿಂದ ಮೇಲಕ್ಕೆ. ಹೊರುವ ಶಕ್ತಿಯ ಅಂಕಿಯನ್ನು ನೋಡಿ ಧೈರ್ಯ ತಂದುಕೊಂಡವರು ಎರಡು ಸಂಗತಿ ಮರೆಯುತ್ತಾರೆ. ಆ ಅಂಕಿ ಗಟ್ಟಿ ರಸ್ತೆಗೆ ಬರೆದದ್ದು, ಉತ್ತ ಹೊಲಕ್ಕಲ್ಲ. ಮತ್ತು ಅದು ತಗ್ಗಿನಲ್ಲಿ ಕೂತ ಸರಕಿಗೆ ಬರೆದದ್ದು, ಆರೂವರೆ ಅಡಿ ಎತ್ತರದ ಪೆಟ್ಟಿಗೆಗಲ್ಲ. ಹೊಲದಲ್ಲಿ ಲೆಕ್ಕಕ್ಕೆ ಬರುವುದು ಗಾಲಿಯ ಅಡಿ ಮಣ್ಣಿನ ಮೇಲೆ ಬೀಳುವ ಒತ್ತಡ. 8 ಅಂಗುಲದ ರಿಮ್ಮಿನ ಗಾಲಿ ಬೇಗ ಹೂಳುತ್ತದೆ, ರಸ್ತೆಯಲ್ಲಿ ಹೆಚ್ಚು ಸುತ್ತು ತಿರುಗಿ ಬೇರಿಂಗನ್ನೂ ಬಿಸಿಮಾಡುತ್ತದೆ. 12 ಅಂಗುಲದ ಗಾಲಿಗೆ ಕೊಟ್ಟ ಹೆಚ್ಚಿನ ದುಡ್ಡು ಮೊದಲ ಮಳೆಯಲ್ಲೇ ಹುಟ್ಟುತ್ತದೆ.

[ ಚೌಕಟ್ಟು ] ಒಂದೇ ಗೂಡು, ಎರಡು ತೂಕ
*ಮನೆ ಕಟ್ಟಿದ ಹಾಗೆ ಕಟ್ಟಿದರೆ: ಮುಕ್ಕಾಲು ಅಂಗುಲದ ನೆಲ 30 ಕಿಲೋ. ಅರ್ಧ ಅಂಗುಲದ ಗೋಡೆ ಐದು ಹಲಗೆ, 100 ಕಿಲೋ. ಸೂರು 20. 2×4 ಅಂಗುಲದ ಮರದ ಚೌಕಟ್ಟು 130. ಬಾಗಿಲು, ಕಿಟಕಿ, ಕಾರ್ಪೆಟ್, ಕುರ್ಚಿ 50. ಟ್ರೇಲರ್ 150. ಒಟ್ಟು 480 ಕಿಲೋ. ಶಿಂಗಲ್ ಮತ್ತು ಶೆಲ್ಫು ಸೇರಿದರೆ ಐನೂರು ದಾಟಿತು.*
*ಗಾಡಿ ಕಟ್ಟಿದ ಹಾಗೆ ಕಟ್ಟಿದರೆ: ನೆಲ ಅಷ್ಟೇ, 30. ತೆಳು ಗೋಡೆ 60. ತೆಳು ಸೂರು 15. 2×2 ಅಂಗುಲದ ಚೌಕಟ್ಟು 60. ಉಳಿದದ್ದು 40. ಟ್ರೇಲರ್ 150. ಒಟ್ಟು 355 ಕಿಲೋ. (ಅಂಕಿಗಳು ಅಂದಾಜು. ಮರದ ಜಾತಿ, ತೇವಗಳ ಮೇಲೆ ಏರಿಳಿಯುತ್ತವೆ.)*

ಈ ನೂರಿಪ್ಪತ್ತೈದು ಕಿಲೋ ವ್ಯತ್ಯಾಸವೇ ಗೂಡಿನ ಹಣೆಬರಹ. ಹಗುರ ಗೂಡನ್ನು ನಾಲ್ಕು ಗಾಲಿಯ ಎಟಿವಿ ಬೈಕು ಸಲೀಸಾಗಿ ಎಳೆಯುತ್ತದೆ, ಇಬ್ಬರು ಕೈಯಿಂದಲೇ ತಿರುಗಿಸಿ ನಿಲ್ಲಿಸಬಹುದು. ಭಾರದ್ದಕ್ಕೆ ಟ್ರ್ಯಾಕ್ಟರೇ ಬೇಕು. ಟ್ರ್ಯಾಕ್ಟರ್ ತರಬೇಕಾದ ಕೆಲಸವನ್ನು ಯಾರೂ ಗಾಳಿ ತಿರುಗಿತೆಂದು ಮಾಡುವುದಿಲ್ಲ. ತೆಳು ಗೋಡೆಗೆ ಬಲ ಸಾಲದು ಎಂಬ ಅನುಮಾನ ಸಹಜ. ಆದರೆ ಈ ಗೋಡೆ ಹೊರುವುದು ಸೂರನ್ನು ಮಾತ್ರ, ಮೇಲಂತಸ್ತನ್ನಲ್ಲ. ಚೌಕಟ್ಟಿಗೆ ಅಂಟು ಹಾಕಿ ತಿರುಪು ಬಿಗಿದ ಪ್ಲೈವುಡ್ ತಾನೇ ಮೂಲೆಪಟ್ಟಿಯ ಕೆಲಸ ಮಾಡಿ ಪೆಟ್ಟಿಗೆ ಓರೆಯಾಗದಂತೆ ಹಿಡಿಯುತ್ತದೆ. ಮೊಳೆಯಾದರೆ ರಸ್ತೆಯ ಕುಲುಕಾಟಕ್ಕೆ ಸಡಿಲವಾಗಿ, ಬೇಕಾದ ಹೊತ್ತಿಗೆ ಸರಿಯಾಗಿ ಕಿರುಗುಟ್ಟುತ್ತದೆ. ನೆಲದ ಹಲಗೆಯಲ್ಲಿ ಮಾತ್ರ ಜಿಪುಣತನ ಸಲ್ಲದು, ಅಲ್ಲಿ ಬಾಗಿದರೆ ಪ್ರತಿ ಹೆಜ್ಜೆಯೂ ಕೇಳುತ್ತದೆ.

ಭಾರ ಎಷ್ಟು ಎಂಬುದರಷ್ಟೇ ಮುಖ್ಯ ಅದು ಎಲ್ಲಿ ಕೂತಿದೆ ಎಂಬುದು. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೇಲರಿನಲ್ಲೂ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂಕಿಯ ತುದಿಯ ಕೊಂಡಿಯ ಮೇಲೆ ಬೀಳಬೇಕು, ಅಂದರೆ 400 ಕಿಲೋ ಗೂಡಿಗೆ 40ರಿಂದ 60 ಕಿಲೋ. ಅದಕ್ಕಿಂತ ಕಡಿಮೆಯಾದರೆ ರಸ್ತೆಯಲ್ಲಿ ವೇಗ ಹೆಚ್ಚಿದಂತೆ ಟ್ರೇಲರ್ ಅತ್ತಿತ್ತ ಬಾಲ ಬೀಸತೊಡಗುತ್ತದೆ. ಒಮ್ಮೆ ಶುರುವಾದ ತೊನೆದಾಟ ಎಳೆಯುವ ವಾಹನವನ್ನೂ ಕೂಡಿಸಿಕೊಂಡು ಹೋಗಬಲ್ಲದು. ಹಿಂಬದಿಯಲ್ಲಿ ಬಾಗಿಲು, ಅದರ ಪಕ್ಕ ಹೀಟರು, ಸಿಲಿಂಡರು, ಮಡಿಸಿದ ಏಣಿ ಎಂದು ಜೋಡಿಸುತ್ತ ಹೋದ ಗೂಡು ಕೊಟ್ಟಿಗೆಯಲ್ಲಿ ಚೆನ್ನಾಗಿಯೇ ನಿಂತಿರುತ್ತದೆ. ಅದರ ದೋಷ ಹೊರಬೀಳುವುದು ಹೆದ್ದಾರಿಯಲ್ಲಿ. ನಿಂತಾಗಲೂ ಒಂಟಿ ಅಚ್ಚಿನ ಗಾಡಿ ತಕ್ಕಡಿಯೇ. ಹಿಂಬಾಗಿಲಿನಿಂದ ತೊಂಬತ್ತು ಕಿಲೋದ ಮನುಷ್ಯ ಹತ್ತಿದರೆ ಮೂಕಿ ಎಗರಿ, ಹಿಂಭಾಗ ನೆಲಕ್ಕೆ ಕುಕ್ಕುತ್ತದೆ. ನಾಲ್ಕು ಮೂಲೆಗೂ ಜಾಕ್ ಕೊಡುವವರೆಗೆ ಯಾರೂ ಹತ್ತಬಾರದು ಎಂಬುದು ಮೊದಲ ನಿಯಮ.

ಗಾಳಿ ಬೀಸಿದಾಗ

ಜಾಕ್‌ಗಳ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಟ್ರೇಲರಿನ ಪಟ್ಟಿ ಸ್ಪ್ರಿಂಗುಗಳು ಇರುವುದೇ ಕುಲುಕಲು. ಒಳಗಿನವರು ಕುರ್ಚಿಯಲ್ಲಿ ಮಗ್ಗುಲು ಬದಲಿಸಿದರೂ ಪೆಟ್ಟಿಗೆ ಒಲೆಯುತ್ತದೆ. ಎಂಟಡಿ ಉದ್ದದ ನೆಲದ ಒಂದು ತುದಿ ಎರಡೂವರೆ ಮಿಲಿಮೀಟರ್ ಕುಸಿದರೆ ನೂರು ಮೀಟರ್ ದೂರದಲ್ಲಿ ಗುರಿ ಹತ್ತು ಸೆಂಟಿಮೀಟರ್ ಸರಿದಿರುತ್ತದೆ. ಜಿಂಕೆಯ ಹೃದಯ, ಶ್ವಾಸಕೋಶಗಳಿರುವ ಜಾಗದ ಅಗಲ ಒಂದು ಗೇಣಿಗಿಂತ ಹೆಚ್ಚಿಲ್ಲ. ಒಬ್ಬ ಗುರಿ ಹಿಡಿದಿರುವಾಗ ಜೊತೆಗಿರುವಾತ ದುರ್ಬೀನಿಗೆ ಬಾಗಿದರೆ ಗುಂಡು ಹೊಟ್ಟೆಗೆ ಬೀಳಬಹುದು, ಪ್ರಾಣಿ ಗಾಯಗೊಂಡು ಕಾಡಿನಲ್ಲಿ ಗಂಟೆಗಟ್ಟಲೆ ನರಳಬಹುದು. ಗಾಲಿಗಳು ನೆಲದಿಂದ ಕೂದಲೆಳೆಯಷ್ಟಾದರೂ ಮೇಲೆದ್ದು, ಪೂರ್ತಿ ಭಾರ ನಾಲ್ಕು ಜಾಕ್‌ಗಳ ಮೇಲೆ, ಜಾಕ್‌ಗಳ ಅಡಿ ಅಗಲದ ಮರದ ಹಲಗೆಗಳ ಮೇಲೆ ಕೂತಾಗ ಮಾತ್ರ ಗಾಡಿ ಗೂಡಾಗುತ್ತದೆ. ಗಾಲಿಗೂಡಿನ ಖರ್ಚಿನಲ್ಲಿ ಯಾವುದನ್ನು ಬಿಟ್ಟರೂ ಇದನ್ನು ಬಿಡಬಾರದು ಎನ್ನಲು ಈ ಹತ್ತು ಸೆಂಟಿಮೀಟರೇ ಸಾಕು.

ಇನ್ನೊಂದು ಲೆಕ್ಕ ಉರುಳುವುದರದ್ದು. ಎಂಟಡಿ ಉದ್ದ, ಆರೂವರೆ ಅಡಿ ಎತ್ತರದ ಗೋಡೆ ಗಾಳಿಗೆ ಒಡ್ಡುವ ಮೈ ಸುಮಾರು 4.8 ಚದರ ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದ ಅಡ್ಡಗಾಳಿ ಅದರ ಮೇಲೆ ಹೆಚ್ಚುಕಡಿಮೆ ನೂರು ಕಿಲೋ ಭಾರದಷ್ಟು ಒತ್ತುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 100 ಕಿಲೋಮೀಟರಿಗೆ ಅದು 280 ಕಿಲೋ ಆಗುತ್ತದೆ. ಒತ್ತಡದ ನಡುಬಿಂದು ನೆಲದಿಂದ ಒಂದೂವರೆ ಮೀಟರ್ ಮೇಲಿದೆ. ತಡೆಯಲು ಇರುವುದು 400 ಕಿಲೋ ತೂಕ ಮತ್ತು ಗಾಲಿಯಿಂದ ಗಾಲಿಗೆ 1.3 ಮೀಟರ್ ಅಗಲ. ಹೀಗೆ ಲೆಕ್ಕ ಹಾಕಿದರೆ ಖಾಲಿ ಗೂಡು ಗಂಟೆಗೆ 80 ಕಿಲೋಮೀಟರ್ ಗಾಳಿಗೆ ಮಗುಚುವ ಹಂತ ಮುಟ್ಟುತ್ತದೆ. ನವೆಂಬರಿನ ಬಯಲುಸೀಮೆಯಲ್ಲಿ ಇಂಥ ಗಾಳಿ ಅಪರೂಪವೇನಲ್ಲ. ಹಾಗಾದರೆ ತೂಕ ಹೆಚ್ಚಿಸುವುದೇ ಸರಿಯಲ್ಲವೇ, ಹಗುರ ಗೂಡಿನ ವಾದ ಇಲ್ಲೇ ಬಿದ್ದುಹೋಯಿತಲ್ಲ ಎಂದು ಕೇಳಬಹುದು. ಇದು ಈ ವಾದಕ್ಕೆ ಎದುರಾಗುವ ಅತ್ಯಂತ ಗಟ್ಟಿ ಪ್ರಶ್ನೆ. ಆದರೆ ನೂರು ಕಿಲೋ ಮರ ಸೇರಿಸಿ ಗಳಿಸುವ ಭದ್ರತೆಯನ್ನು ನೆಲಕ್ಕೆ ತಿರುಚಿ ಇಳಿಸುವ ನಾಲ್ಕು ಕಬ್ಬಿಣದ ತಿರುಪುಗೂಟ ಮತ್ತು ಬಿಗಿಪಟ್ಟಿಗಳು ಕೆಲವೇ ಕಿಲೋದಲ್ಲಿ ಕೊಡುತ್ತವೆ, ಹೊರಡುವಾಗ ಕಿತ್ತುಕೊಂಡು ಹೋಗಲೂಬಹುದು. ಪಕ್ಕಕ್ಕೆ ಚಾಚುವ ಜಾಕ್ ತೋಳುಗಳು ತಳಪಾಯದ ಅಗಲ ಹೆಚ್ಚಿಸುತ್ತವೆ. ಹೊಲದಲ್ಲಿರುವಾಗ ಮಾತ್ರ ಬೇಕಾದ ಭಾರವನ್ನು ದಾರಿಯುದ್ದಕ್ಕೂ ಹೊತ್ತು ತಿರುಗುವುದರಲ್ಲಿ ಅರ್ಥವಿಲ್ಲ.

ಇದೇ ಲೆಕ್ಕದ ಮೇಲೆ ಸಣ್ಣ ಟ್ರೇಲರಿನ ಮೇಲೆ ಹತ್ತಡಿ ಅಟ್ಟಣಿಗೆ ಎತ್ತುವ ಉತ್ಸಾಹವನ್ನೂ ತೂಗಬೇಕು. ಎತ್ತರ ಹೆಚ್ಚಿದರೆ ಒತ್ತಡದ ನಡುಬಿಂದುವೂ ಮೇಲೇರುತ್ತದೆ, ಉರುಳಿಸುವ ಬಲ ಇಮ್ಮಡಿ, ಮುಮ್ಮಡಿಯಾಗುತ್ತದೆ. ಅದು ಬೇರೆ ಅಗಲದ, ಬೇರೆ ಅಚ್ಚಿನ ಗಾಡಿಗೆ ಹೇಳಿದ ಕೆಲಸ.

ಮೂಗಿನ ರಾಜಕೀಯ

ಇಷ್ಟೆಲ್ಲ ಪಾಡು ಗಾಲಿಗಾಗಿ. ಗಾಲಿ ಯಾಕೆ ಬೇಕು? ಒಂದು ಕಾರಣ ಜಮೀನು. ಟೆಕ್ಸಸ್ಸಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೆಲ ಖಾಸಗಿಯವರದ್ದು, ಬೇಟೆಗಾರರು ವರ್ಷಕ್ಕಿಷ್ಟು ಎಂದು ಗುತ್ತಿಗೆ ಹಿಡಿಯುತ್ತಾರೆ. ಗುತ್ತಿಗೆ ಮುಗಿದರೆ ಕಂಬ ಹೂಳಿ ಕಟ್ಟಿದ ಅಟ್ಟಣಿಗೆ ಮಾಲೀಕನ ಪಾಲು, ಗಾಲಿಗೂಡು ನಮ್ಮ ಹಿಂದೆಯೇ ಬರುತ್ತದೆ. ಇನ್ನೊಂದು ಕಾರಣ ವಯಸ್ಸು. ಮರದ ಮೇಲಿನ ಆಸನಗಳಿಂದ ಬೀಳುವುದು ಅಲ್ಲಿನ ಬೇಟೆಗಾರರ ಗಾಯ, ಸಾವುಗಳ ದೊಡ್ಡ ಕಾರಣಗಳಲ್ಲೊಂದು. ಮಂಡಿನೋವಿನ ಅಜ್ಜನೂ ಹತ್ತು ವರ್ಷದ ಮೊಮ್ಮಗಳೂ ಎರಡೇ ಮೆಟ್ಟಿಲು ಹತ್ತಿ ಕೂರಬಹುದಾದ ಕೋಣೆ ಅದಕ್ಕಿಂತ ವಾಸಿ. ಆದರೆ ಎಲ್ಲಕ್ಕಿಂತ ಮೇಲಿನ ಕಾರಣ ಗಾಳಿಯೇ. ಜಿಂಕೆ ಕಣ್ಣನ್ನೂ ಕಿವಿಯನ್ನೂ ಅನುಮಾನಿಸಿ ಮತ್ತೊಮ್ಮೆ ನೋಡುತ್ತದೆ, ಮೂಗು ಹೇಳಿದ್ದನ್ನು ಮಾತ್ರ ಮರುವಿಚಾರಣೆ ಮಾಡುವುದಿಲ್ಲ. ಇಳಿಜಾರಿನಲ್ಲಂತೂ ಹೊತ್ತಿಗೊಂದು ಗಾಳಿ. ಬಿಸಿಲೇರಿದಂತೆ ಬೆಚ್ಚನೆಯ ಗಾಳಿ ಗುಡ್ಡ ಹತ್ತುತ್ತದೆ, ಸಂಜೆ ತಣ್ಣಗಾಗಿ ಹಳ್ಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಜಾಗ ಸಂಜೆಗೆ ತಪ್ಪು.

ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡಬೇಕಿಲ್ಲ. ಗೂಡು ಪದೇ ಪದೇ ಜಾಗ ಬದಲಿಸಿದರೆ ಜಿಂಕೆಗೆ ಅದು ಪರಿಚಿತವಾಗುವುದು ಹೇಗೆ? ಒಂದೇ ಕಡೆ ನಿಂತರೆ ಗಾಳಿಗೆ ಸಿಕ್ಕಿಬೀಳುತ್ತದೆ. ಇದಕ್ಕೆ ಉತ್ತರ ದಿನಾ ಎಳೆದಾಡುವುದಲ್ಲ. ಬಲ್ಲವರು ಒಂದೇ ಹೊಲದಲ್ಲಿ ಎರಡು-ಮೂರು ನೆಲೆ ಮೊದಲೇ ಗೊತ್ತುಮಾಡಿ, ಪೊದೆ ಸವರಿ, ಜಾಕ್ ಊರಲು ಸಮ ಮಾಡಿಟ್ಟಿರುತ್ತಾರೆ. ಋತುವಿಗೆ ವಾರಗಳ ಮೊದಲೇ ಗೂಡು ಹೊಲ ಸೇರಿರುತ್ತದೆ. ಬದಲಿಸುವುದಿದ್ದರೆ ಜಿಂಕೆಗಳು ಮಲಗಿರುವ ನಡುಮಧ್ಯಾಹ್ನ, ಆ ಹೊಲದಲ್ಲಿ ಸದಾ ಓಡಾಡುವ ವಾಹನದಿಂದಲೇ ಎಳೆದು ಬದಲಿಸುತ್ತಾರೆ. ಬೇಸಾಯದ ಓಡಾಟದಲ್ಲಿ ಅದೂ ಒಂದಾಗಿ ಹೋಗಬೇಕು. ಬಂಡಿಯ ವೇಷ ಸಾರ್ಥಕವಾಗುವುದು ಹೀಗೆ, ಮತ್ತು ಇದು ಸಾಧ್ಯವಾಗುವುದು ಹಗುರ ಗೂಡಿಗೆ ಮಾತ್ರ.

ಹಾಗಾದರೆ ಬೆನ್ನಿಗೆ ಹಾಕಿಕೊಂಡು ಹೋಗಬಹುದಾದ ಬಟ್ಟೆಯ ಗುಡಾರವೇ ಸಾಕಲ್ಲ, ನೂರಾರು ಡಾಲರ್ ಯಾಕೆ ಸುರಿಯಬೇಕು? ಬಿಲ್ಲು ಬೇಟೆಗೆ, ಸಾರ್ವಜನಿಕ ಕಾಡಿಗೆ ಖಂಡಿತ ಅದೇ ಸರಿ. ಮರಳಿ ಹೊತ್ತು ತರಬೇಕಾದ ಕಡೆ ಟ್ರೇಲರಿಗೆ ಕೆಲಸವಿಲ್ಲ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿದ ಹೊಲದಲ್ಲಿ ಮಾತ್ರ ಗುಡಾರದ ಬಟ್ಟೆ ಪಟಪಟಿಸುತ್ತದೆ, ಹಿಮದ ಭಾರಕ್ಕೆ ಕುಸಿಯುತ್ತದೆ. ಚಳಿಗೆ ನಡುಗುವ ಕೈ ಗುರಿಯನ್ನೂ ನಡುಗಿಸುತ್ತದೆ.

[ ಚೌಕಟ್ಟು ] ಕಾಣದ ಶತ್ರು
*ಬಿಗಿಯಾಗಿ ಮುಚ್ಚಿದ ಗೂಡಿನಲ್ಲಿ ಗ್ಯಾಸ್ ಹೀಟರ್ ಉರಿಸುವುದು ಅಪಾಯ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕ ಕುಸಿದರೆ ತಾನೇ ಆರುವ ಹೀಟರು, ಕೆಳಗೊಂದು ಮೇಲೊಂದು ಗಾಳಿಕಂಡಿ, ಬ್ಯಾಟರಿಯ ಅಲಾರಾಂ ಮೂರೂ ಇರಲಿ. ಮೈವಾಸನೆ ಹೊರಹೋಗುತ್ತದೆಂದು ಗಾಳಿಕಂಡಿಗೆ ಬಟ್ಟೆ ತುರುಕುವ ಅಭ್ಯಾಸ ಜೀವಕ್ಕೆ ಎರವು.*

ಕಾನೂನಿನ ಕೊಂಡಿ

ಗೂಡು ಗಾಡಿಯೂ ಹೌದಾದ್ದರಿಂದ ಕಾನೂನು ಅದನ್ನು ಗಾಡಿಯಾಗಿಯೇ ನೋಡುತ್ತದೆ. ರಸ್ತೆಗಿಳಿದರೆ ಹಿಂದೀಪ, ಸುರಕ್ಷಾ ಸರಪಳಿ, ರಾಜ್ಯ ಕೇಳಿದರೆ ನಂಬರ್ ಪ್ಲೇಟು. ಅದಕ್ಕಿಂತ ಸೂಕ್ಷ್ಮದ್ದು ಬಂದೂಕಿನ ನಿಯಮ. ವಾಹನದಿಂದ ಗುಂಡು ಹಾರಿಸುವುದನ್ನು ಬಹುತೇಕ ರಾಜ್ಯಗಳು ನಿಷೇಧಿಸಿವೆ. ಟ್ರೇಲರ್ ವಾಹನವೋ ಅಲ್ಲವೋ? ವಿಸ್ಕಾನ್ಸಿನ್ನಿನ ನಿಯಮ ಇದನ್ನು ನೇರವಾಗಿ ಬಿಡಿಸಿದೆ. ತನ್ನದೇ ಎಂಜಿನ್ ಇಲ್ಲದ, ನಿಂತಿರುವ ಬಂಡಿಯಿಂದ ಬೇಟೆಯಾಡಬಹುದು, ಆದರೆ ಅದು ಮೋಟಾರು ವಾಹನಕ್ಕೆ ಜೋಡಿಸಿರಬಾರದು. ಎಟಿವಿಯ ಕೊಂಡಿ ಕಳಚದೆ ಒಳಗೆ ಕೂತು ಗುಂಡು ತುಂಬಿದರೆ ಅಪರಾಧ, ಕಳಚಿ ಕೂತರೆ ಬೇಟೆ. ಬೇರೆ ರಾಜ್ಯಗಳ ಮಾತು ಬೇರೆ, ಕಟ್ಟುವ ಮೊದಲೇ ಓದಿಕೊಳ್ಳಬೇಕಾದದ್ದು. ಜಾಕ್‌ಗಳ ಮೇಲೆ ನಿಲ್ಲಬಲ್ಲ ಗೂಡಿಗೆ ಈ ನಿಯಮ ಹೊರೆಯಲ್ಲ. ಎಳೆಯುವ ವಾಹನದ ಆಸರೆಯಿಲ್ಲದೆ ನಿಲ್ಲಲಾರದ ಗೂಡು ಮಾತ್ರ ಇಲ್ಲಿ ಎಡವುತ್ತದೆ.

ಕಾನೂನು ಒಪ್ಪಿದರೂ ಇದೇನು ಬೇಟೆಯೇ ಎಂಬ ಆಕ್ಷೇಪ ಉಳಿಯುತ್ತದೆ. ಹೀಟರಿನ ಬಿಸಿಯಲ್ಲಿ ಕಾಫಿ ಹೀರುತ್ತ ಪ್ರಾಣಿ ಬರಲೆಂದು ಕಾಯುವುದರಲ್ಲಿ ಪ್ರಾಣಿಗೆ ಸಿಕ್ಕ ಅವಕಾಶವೇನು? ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಬೇಟೆಯಲ್ಲಿ ನ್ಯಾಯ ಬೇಕೆಂದು ಮೊದಲಿನಿಂದ ವಾದಿಸಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1933ರಿಂದ ಬೇಟೆಪ್ರಾಣಿಗಳ ನಿರ್ವಹಣೆ ಕಲಿಸಿದ ಆಲ್ಡೊ ಲಿಯೋಪೋಲ್ಡ್, ಅಂಗಡಿಯಲ್ಲಿ ಕೊಂಡ ಸಲಕರಣೆಗಳು ಬೇಟೆಗಾರನ ಕಾಡುಜ್ಞಾನದ ಜಾಗವನ್ನು ಕಬಳಿಸುತ್ತಿವೆ ಎಂದು ಕಟುವಾಗಿಯೇ ಬರೆದರು. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೇಟೆಗೆ ಕಡಿವಾಣವಿಲ್ಲದ ಕಾಲ ಏನು ಮಾಡಿತ್ತೆಂಬುದು ಅವರ ಕಣ್ಣ ಮುಂದಿತ್ತು. 1900ರ ಹೊತ್ತಿಗೆ ಅಮೆರಿಕದ ಬಿಳಿಬಾಲದ ಜಿಂಕೆಗಳು ಅಂದಾಜು ಐದು ಲಕ್ಷಕ್ಕೆ ಇಳಿದಿದ್ದವು. ಇಂದು ಅವು ಸುಮಾರು ಮೂರು ಕೋಟಿ. ಈ ಚೇತರಿಕೆಯ ಹಿಂದೆ ಋತುಮಿತಿ, ಪರವಾನಗಿ ಮತ್ತು ಬಂದೂಕು-ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆ ಮೀಸಲಿಟ್ಟ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಇವೆ.

ಆದರೂ ಸಲಕರಣೆಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಲು ನಾನು ಒಪ್ಪಲಾರೆ. ಕೆಲವು ಸಲಕರಣೆ ಪ್ರಾಣಿಯ ಇಂದ್ರಿಯಗಳನ್ನು ಸೋಲಿಸುತ್ತವೆ, ಇನ್ನು ಕೆಲವು ಮನುಷ್ಯನ ತಪ್ಪನ್ನು ತಡೆಯುತ್ತವೆ. ಗಾಲಿಗೂಡಿನಲ್ಲಿ ಕೂತವರೂ ಗಾಳಿ ಓದಲೇಬೇಕು, ಜಿಂಕೆ ಯಾವ ಹಾದಿಯಲ್ಲಿ ಬರುತ್ತದೆಂದು ತಿಳಿದಿರಲೇಬೇಕು. ಗೂಡು ಕೊಡುವುದು ಅಲುಗದ ಆಸರೆ, ಬೆಚ್ಚನೆಯ ಕೈ, ಆತುರವಿಲ್ಲದ ಗುರಿ. ಗಾ‌ಯಗೊಂಡು ತಪ್ಪಿಸಿಕೊಳ್ಳುವ ಪ್ರಾಣಿಗಳು ಕಡಿಮೆಯಾಗುವುದು ಇವುಗಳಿಂದಲೇ. ಗೂಡನ್ನು ಎಟಿವಿಗೆ ಕಟ್ಟಿಕೊಂಡು ಜಿಂಕೆಯ ಹಿಂದೆ ಹೊಲಹೊಲ ಅಲೆಯುವವರ ವಿಷಯದಲ್ಲಿ ಮಾತ್ರ ಲಿಯೋಪೋಲ್ಡ್ ಹೇಳಿದ್ದು ಅಕ್ಷರಶಃ ನಿಜ.

ನಮ್ಮಲ್ಲಿ ಈ ಪ್ರಶ್ನೆಗೇ ಎಡೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಎತ್ತಿನ ಗಾಡಿಯ ಮರೆಯ ಕೃಷ್ಣಮೃಗ ಬೇಟೆ ಅಪರಾಧ. ಕರ್ನಾಟಕದಲ್ಲಿ ಮರೆಗೂಡುಗಳಲ್ಲಿ ಇಂದು ಕೂರುವವರು ಹಕ್ಕಿಗಳ ಛಾಯಾಗ್ರಾಹಕರು. ಕಿಟಕಿಯ ಎತ್ತರ, ಕಪ್ಪು ಒಳಗೋಡೆ, ಅಲುಗದ ನೆಲ, ಗಾಲಿ ಎತ್ತಿ ನಿಲ್ಲಿಸುವ ಜಾಕ್, ಇವೆಲ್ಲ ದೊಡ್ಡ ಲೆನ್ಸಿಗೂ ಬಂದೂಕಿನಷ್ಟೇ ಬೇಕು. ಹಕ್ಕಿಗೆ ಮೂಗಿನ ಕಾಟ ಕಡಿಮೆ ಎಂಬುದೊಂದೇ ರಿಯಾಯಿತಿ. ಹಾಗೆಂದು ಗಾಲಿಗೂಡನ್ನು ಎಲ್ಲೆಂದರಲ್ಲಿ ಎಳೆದೊಯ್ಯುವಂತಿಲ್ಲ. ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಗೂಡುಕಟ್ಟಿದ ಹಕ್ಕಿಯ ಹತ್ತಿರಕ್ಕಂತೂ ಹೋಗಲೇಬಾರದು.

ಕೊನೆಗೆ ಒಂದು ಬೋಲ್ಟಿನ ವಿಷಯ. ಗೂಡನ್ನು ಟ್ರೇಲರಿಗೆ ಕಾಯಂ ಆಗಿ ಬೆಸೆಯುವವರಿದ್ದಾರೆ, ಗಟ್ಟಿಯಾಗಿರಲಿ ಎಂದು. ಒಂಬತ್ತು ದಿನದ ಋತುವಿಗೆ ಗಾಡಿಯನ್ನು ವರ್ಷವಿಡೀ ಒತ್ತೆ ಇಟ್ಟಂತಾಯಿತು. ಅದಕ್ಕಿಂತ ನೆಲದ ಹಲಗೆಯ ಅಡಿ ಎರಡು ಉದ್ದತೊಲೆ ಕೊಟ್ಟು, ಅವನ್ನು ಟ್ರೇಲರಿನ ಕಬ್ಬಿಣದ ಚೌಕಟ್ಟಿಗೆ ಅರ್ಧ ಅಂಗುಲದ ಆರು ಬೋಲ್ಟು, ಅಗಲ ವಾಷರು, ಸಡಿಲವಾಗದ ನಟ್ಟುಗಳಿಂದ ಬಿಗಿದರೆ ರಸ್ತೆಗೂ ಸಾಕು, ಗಾಳಿಗೂ ಸಾಕು. ಡಿಸೆಂಬರಿನಲ್ಲಿ ಮೂಲೆಗಳಿಗೆ ಇಟ್ಟಿಗೆ ಕೊಟ್ಟು, ಬೋಲ್ಟು ಬಿಚ್ಚಿ, ಟ್ರೇಲರನ್ನು ಅಡಿಯಿಂದ ಎಳೆದುಕೊಳ್ಳಬಹುದು. ಪೆಟ್ಟಿಗೆ ಕೊಟ್ಟಿಗೆಯ ಹಿಂದೆ ಇಲಿ, ಕಣಜಗಳಿಗೆ ಬಾಡಿಗೆಯಿಲ್ಲದ ಮನೆಯಾಗುತ್ತದೆ. ಅಕ್ಟೋಬರಿನಲ್ಲಿ ಗುಡಿಸಿದರಾಯಿತು. ಟ್ರೇಲರ್ ಅಷ್ಟರಲ್ಲಿ ಸೌದೆ, ಗೊಬ್ಬರ, ಬೇಲಿಗೂಟ ಹೊತ್ತು ತನ್ನ ಬೆಲೆ ತೀರಿಸಿರುತ್ತದೆ.